ಗೆರೆ ದಾಟದ ಕಾಯಿಲೆಗಳು

ಬಸ್ ಡಿಪೋದ ಸ್ಟೋರ್‌ಕೀಪರನಿಗೆ ಮೆಕ್ಯಾನಿಕ್‌ಗಳು ಇಟ್ಟ ಹೆಸರು ‘ಆಮೇಲಪ್ಪ’. ಒಂದು ನಟ್ಟು ಕೇಳಿ ಬಂದವನಿಗೆ ಆತ ಎಂದೂ ನಟ್ಟು ಕೊಟ್ಟದ್ದಿಲ್ಲ. “ಒಂದಕ್ಕೋಸ್ಕರ ಕಪಾಟು ತೆಗೀಬೇಕಾ? ಇನ್ನೆರಡು ಸೇರ್ಲಿ, ಒಟ್ಟಿಗೆ ಕೊಡ್ತೀನಿ.” ಅಲ್ಲಿಯವರೆಗೆ ಬಸ್ಸು ಬಾನೆಟ್ ತೆರೆದುಕೊಂಡು ಶೆಡ್ಡಿನಲ್ಲೇ ನಿಂತಿರಬೇಕು. ಮನುಷ್ಯ ಕೆಟ್ಟವನಲ್ಲ. ಬಿಡಿ ಕೆಲಸ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು, ಅಷ್ಟೇ.

ಇಂಥವನ ಕಿವಿಗೆ ಆದಾಯ ತೆರಿಗೆಯ ಒಂದು ನಿಯಮ ಬೀಳಬೇಕೆ! ವರ್ಷದ ಆಸ್ಪತ್ರೆ ಖರ್ಚು ಆದಾಯದ ಇಂತಿಷ್ಟು ಪಾಲನ್ನು ದಾಟಬೇಕು, ದಾಟಿದ ಮೇಲಿನದಕ್ಕೆ ಮಾತ್ರ ವಿನಾಯಿತಿ. ಗೆರೆಯ ಈಚೆಗೇ ಉಳಿದರೆ ನರಳಿದ್ದೆಲ್ಲ ದಂಡ. ತನ್ನಂತೆಯೇ ಯೋಚಿಸುವವರು ಸರ್ಕಾರದಲ್ಲೂ ಇದ್ದಾರೆಂದು ಆಮೇಲಪ್ಪ ಹಿಗ್ಗಿ ಹೀರೇಕಾಯಿಯಾದ. ಅಂದಿನಿಂದ ಅವನ ಮನೆಯಲ್ಲಿ ಯಾವ ಕಾಯಿಲೆಯೂ ಒಂಟಿಯಾಗಿ ವಾಸಿಯಾಗುವಂತಿರಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ತನಗೂ ಅವನು ರಿಯಾಯಿತಿ ಕೊಟ್ಟುಕೊಳ್ಳಲಿಲ್ಲ. ಬಿರುಕು ಬಿಟ್ಟ ದವಡೆ ಹಲ್ಲನ್ನು ಮುಂದಿನ ವರ್ಷಕ್ಕೆಂದು ಕಾದಿಟ್ಟು ಒಂದೇ ಕಡೆ ಅಗಿಯುತ್ತಿದ್ದ. ಜೊತೆಯಲ್ಲೇ ಇದ್ದ ಅತ್ತೆಯ ಕಣ್ಣಿಗೆ ಪೊರೆ ಬಂದು, ಮೂರನೇ ಮಹಡಿಯ ಮನೆಗೆ ಹತ್ತಲು ಮಗಳ, ಅಂದರೆ ಇವನ ಹೆಂಡತಿಯ, ಕೈ ಬೇಕಾಗಿತ್ತು. ಅದೂ ಮುಂದಿನ ವರ್ಷಕ್ಕೆ.

ಪಾಪ, ಕಷ್ಟ ಬಂದದ್ದು ಹೆಂಡತಿಗೆ. ಅವಳು ಶಿಶುವಿಹಾರದಲ್ಲಿ ಎಳೆಮಕ್ಕಳ ಕೋಣೆ ನೋಡಿಕೊಳ್ಳುವವಳು. ಯಾವ ಅಳು ಹಸಿವಿನದು, ಯಾವುದು ನಿದ್ದೆಯದು, ಯಾವುದು ಬರೀ ನಾಟಕ ಎಂದು ಬೆನ್ನು ತಿರುಗಿಸಿಕೊಂಡೇ ಹೇಳಬಲ್ಲವಳು. ಅವಳ ಕಿವಿ ಮಂದವಾಯಿತು. ಒಂದು ಮಧ್ಯಾಹ್ನ ಅವಳ ಬೆನ್ನ ಹಿಂದೆಯೇ ಒಂದು ಮಗು ಅತ್ತೂ ಅತ್ತೂ ಕೆಂಪಾಯಿತು, ಅವಳಿಗೆ ಗೊತ್ತೇ ಆಗಲಿಲ್ಲ. ಮೇಲ್ವಿಚಾರಕಿ ಅವಳನ್ನು ಪಾತ್ರೆ ತೊಳೆಯುವಲ್ಲಿಗೆ ಕಳಿಸಿ, “ತಿಂಗಳೊಳಗೆ ಕಿವಿಗೆ ಮೆಷಿನ್ ಹಾಕಿಸ್ಕೊಳ್ಳಿ, ಇಲ್ದಿದ್ರೆ ಆ ಕೋಣೆಗೆ ಬೇರೆಯವರನ್ನ ತಗೋತೀವಿ” ಅಂದಳು.

“ತೆರಿಗೆ ವರ್ಷ ಮುಗಿಯೋಕೆ ಮೂರೇ ತಿಂಗಳಿದೆ!” ಆಮೇಲಪ್ಪ ಹೆಂಡತಿಯ ಕಿವಿಗೆ ಬಾಯಿಟ್ಟು ಕೂಗಿದ. “ಈಗ ಹಾಕಿಸಿದ್ರೆ ಗೆರೆ ದಾಟಲ್ಲ ಕಣೇ. ಹೊಸ ವರ್ಷಕ್ಕೆ ನನ್ನ ಹಲ್ಲು, ನಿಮ್ಮಮ್ಮನ ಕಣ್ಣು, ನಿನ್ನ ಕಿವಿ, ಮೂರೂ ಒಟ್ಟಿಗೆ!”

“ಅಷ್ಟರಲ್ಲಿ ಇನ್ನೊಬ್ಬಳು ಬಂದಿರ್ತಾಳೆ ರೀ. ನನಗೆ ಆ ಮಕ್ಕಳು ಬೇಕು.”

ಮೂಲೆಯಲ್ಲಿದ್ದ ಅತ್ತೆ ಕೇಳಿದರು: “ಅಳಿಯಂದಿರೇ, ನಾನು ಸಾಯೋದನ್ನ ಯಾವ ವರ್ಷಕ್ಕೆ ಹಾಕಿದ್ದೀರಿ?”

“ಅದು ಲೆಕ್ಕಕ್ಕೆ ಬರಲ್ಲ ಅತ್ತೆ, ನೀವು ಆರಾಮಾಗಿರಿ.”

ಅವಳ ಸಂಬಳವೂ ಅವನ ಕೈಯಲ್ಲೇ ಇದ್ದುದರಿಂದ ಮಾತು ಅಲ್ಲಿಗೇ ನಿಂತಿತು.

ಆ ವಾರದ ಭಾನುವಾರ ಅತ್ತೆ ಎರಡು ದಿನದ ಮಟ್ಟಿಗೆ ಹಿರಿಮಗಳ ಮನೆಗೆ ಹೋಗಿದ್ದರು. ಆಮೇಲಪ್ಪ ಬಚ್ಚಲಲ್ಲಿ ಜಾರಿ ಬಿದ್ದ. ಪಾದ ಹೊರಳಿ ಏಳಲಾಗಲಿಲ್ಲ. ಚಿಲಕ ಕೈಗೆ ಎಟುಕಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಗೋಡೆಯಾಚೆ ಹೆಂಡತಿ ತರಕಾರಿ ಹೆಚ್ಚುವ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. “ಲೇ!” ಎಂದ. “ಬಾರೇ!” ಎಂದ. ಕೊನೆಗೆ “ಅಮ್ಮಾ!” ಎಂದು ಅರಚಿದ. ಚಾಕುವಿನ ಸದ್ದು ನಿಲ್ಲಲಿಲ್ಲ. ಆಮೇಲಪ್ಪನಿಗೆ ಹೆದರಿಕೆಯಾಯಿತು. ಕೆಂಪಾಗುವಷ್ಟು ಅತ್ತ ಆ ಮಗುವಿನ ನೆನಪಾಗಿ ತಾನೂ ಗೊಳೋ ಎಂದು ಅತ್ತುಬಿಟ್ಟ.

ಕೊನೆಗೆ ನೀರು ಬಾಗಿಲ ಸಂದಿಯಿಂದ ಹರಿದು ಅಡುಗೆಮನೆ ಸೇರಿ ಅವಳ ಪಾದ ತಣ್ಣಗಾಯಿತು. ಓಡಿ ಬಂದಳು, ಸಂದಿಯಲ್ಲಿ ಚಾಕು ತೂರಿಸಿ ಚಿಲಕ ಎತ್ತಿದಳು, ನೆಲದ ಮೇಲಿದ್ದ ಗಂಡನನ್ನು ಕಂಡು ತಲೆ ಚಚ್ಚಿಕೊಂಡಳು.

“ಅಯ್ಯೋ, ಒಂದು ಸಲ ಕೂಗಬಾರದಿತ್ತೇನ್ರೀ?”

ಆಮೇಲಪ್ಪ ಕೂಗಿ ಕೂಗಿ ಕಟ್ಟಿಹೋಗಿದ್ದ ಗಂಟಲನ್ನು ಬೆರಳಿನಿಂದ ತೋರಿಸಿದ.

ಆಸ್ಪತ್ರೆಯಲ್ಲಿ ಪಾದಕ್ಕೆ ಪ್ಲಾಸ್ಟರ್ ಹಾಕಿದರು. ನೋವಿನ ನಡುವೆಯೂ ರಸೀದಿ ಕೇಳಿ ಪಡೆದ, ಅಭ್ಯಾಸ ಎಲ್ಲಿಗೆ ಹೋಗುತ್ತದೆ? ಆದರೆ ಮರುದಿನ ಅವನೇ ಕೋಲೂರಿಕೊಂಡು ಹೆಂಡತಿಯನ್ನು ಕಿವಿಯ ಡಾಕ್ಟರ ಬಳಿಗೆ ಹೊರಡಿಸಿದ. ಗೆರೆಯ ಮಾತೆತ್ತಲಿಲ್ಲ. ಇನ್ನೊಮ್ಮೆ ಬಿದ್ದರೆ ಗತಿಯೇನು ಎಂಬ ಭಯ ಅವನನ್ನು ಅಷ್ಟು ಉದಾರಿಯನ್ನಾಗಿ ಮಾಡಿತ್ತು.

ಮೆಷಿನ್ ಕಿವಿಯಲ್ಲಿ ಕೂತಿತು. ವಾಪಸ್ಸು ಬರುವಾಗ ಬಾಡಿಗೆ ಕಾರಿನಲ್ಲಿ ಆಮೇಲಪ್ಪ ಎಂದಿನಂತೆ ತನ್ನಷ್ಟಕ್ಕೆ ಗೊಣಗಿಕೊಂಡ: “ಥೂ, ಈ ಕಾಲು ಮೂರು ತಿಂಗಳು ತಡ್ಕೊಂಡಿದ್ರೆ ನಾಲ್ಕೂ ಒಟ್ಟಿಗೆ ಆಗ್ತಿತ್ತು. ಇವಳಿಗೂ ಒಂದು ತಾಳ್ಮೆ ಇಲ್ಲ.”

ಹೆಂಡತಿ ಅವನತ್ತ ತಿರುಗಿ ಒಂದು ಕ್ಷಣ ನೋಡಿದಳು. ಕಾರು ಶಿಶುವಿಹಾರದ ಮುಂದೆ ಬಂದಾಗ ಒಳಗಿಂದ ಒಂದು ಅಳು ಕೇಳಿಸಿತು. ಅವಳ ಮುಖ ಅರಳಿತು.

“ನಿಲ್ಸಿ. ಅದು ನಿದ್ದೆ ಅಳು,” ಎಂದು ಇಳಿದೇಬಿಟ್ಟಳು.

“ಲೇ, ಎಲ್ಲಿಗೆ? ಮೂರು ಮಹಡಿ ನನ್ನನ್ನ ಹತ್ತಿಸೋರು ಯಾರು?”

“ಸಂಜೆ ಅಮ್ಮ ಬರ್ತಾಳಲ್ಲ,” ಎಂದಳು ಅವಳು, ಸೀರೆಯ ನೆರಿಗೆ ಸರಿಪಡಿಸಿಕೊಳ್ಳುತ್ತ. “ಒಬ್ಬರಿಗೋಸ್ಕರ ಯಾಕೆ ಹತ್ತಬೇಕು? ಇಬ್ಬರನ್ನೂ ಒಟ್ಟಿಗೆ ಹತ್ತಿಸ್ತೀನಿ.”

ಅಂದು ಸಂಜೆಯವರೆಗೂ ಆಮೇಲಪ್ಪ ಕೆಳಗಿನ ಮೆಟ್ಟಿಲ ಮೇಲೆ ಕಾಲು ಚಾಚಿಕೊಂಡು ಕೂತಿದ್ದ.