ಹಿಮ ಜಾರಲೆಂದು ಕಟ್ಟಿದ ಮಾಡು

ಮೊನ್ನೆ ತಿರುವನಂತಪುರದ ನಮ್ಮ ಬೀದಿಯ ಸಲೂನಿನಲ್ಲಿ ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಕೂತಿದ್ದೆ. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಅಮೋನಿಯಾದ ಘಾಟು ಮೂಗಿಗೆ ಅಡರಿತು. ಕಣ್ಣಲ್ಲಿ ನೀರು ಬಂತು. ಸಲೂನಿನವನು ಪಾಪ, ಕಿಟಕಿ ತೆರೆದ. ನನಗೆ ಮಾತ್ರ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿದ್ದ ನಮ್ಮ ಹಳೆಯ ಕಚೇರಿ ನೆನಪಾಯಿತು. ಕಟ್ಟಡಗಳ ನಕ್ಷೆಗೆ ಅಮೋನಿಯಾ ಹೊಗೆ ಕೊಟ್ಟು ಪ್ರಿಂಟ್ ತೆಗೆಯುತ್ತಿದ್ದ ಕೋಣೆ... ಅದರ ಬಾಗಿಲಲ್ಲಿ ಉಣ್ಣೆಯ ಕೋಟು ತೊಟ್ಟು, ಬೆವರುತ್ತಾ ನಿಂತ ನಮ್ಮ ಆರ್ಕಿಟೆಕ್ಟ್ ಸಾಹೇಬರು. ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ವಾಸನೆ ಬೇಕಾಗಿಲ್ಲ.

ಸಾಹೇಬರು ಅನ್ನುತ್ತಿದ್ದೇನೆ. ಬಹುವಚನ ನನ್ನ ಬಾಯಿಗೆ ಅಂಟಿಕೊಂಡ ಅಭ್ಯಾಸ, ಅಷ್ಟೆ. ಮನಸ್ಸಿನಲ್ಲಿ ಆ ಮನುಷ್ಯನಿಗೆ ನಾನು ಎಂದೂ ಏಕವಚನಕ್ಕಿಂತ ಹೆಚ್ಚು ಕೊಟ್ಟವನಲ್ಲ.

ಐವತ್ತರ ದಶಕದ ಕೊನೆಯ ವರ್ಷಗಳು. ನಾನು ಕಾಸರಗೋಡಿನಿಂದ ಹೋದ ಹೊಸ ಡ್ರಾಫ್ಟ್ಸ್‌ಮನ್. ಮೇಲಧಿಕಾರಿ ಮೈಸೂರಿನವರು ಎಂದು ಕೇಳಿ ಹಿಗ್ಗಿಹೋಗಿದ್ದೆ, ಆ ಮಲಯಾಳದ ನಡುವೆ ಒಂದು ಕನ್ನಡದ ಬಾಯಿ ಸಿಕ್ಕಿತಲ್ಲ ಅಂತ. ಸಿಕ್ಕಿದ್ದೇನೋ ಹೌದು. ಇಡೀ ದಿನ ಇಂಗ್ಲಿಷ್ ಆಡುತ್ತಿದ್ದ ಆ ಬಾಯಿಗೆ ಕನ್ನಡ ಬರುತ್ತಿದ್ದದ್ದು ನನ್ನನ್ನು ಬೈಯುವಾಗ ಮಾತ್ರ.

"ಏನಯ್ಯಾ ಇದು ಗೆರೆ? ಕೋಳಿ ಕೆದಕಿದ ಹಾಗಿದೆ. ಅಳಿಸು."

ಅವರಿಗೊಬ್ಬ ದೇವರಿದ್ದ. ಹಿಂದಿನ ಶತಮಾನದಲ್ಲಿ ಕೆನಡಾದಲ್ಲಿ ಬಾಳಿ ಸತ್ತ ಒಬ್ಬ ಆರ್ಕಿಟೆಕ್ಟ್. ಪೋಸ್ಟಾಫೀಸು, ಕಸ್ಟಮ್ಸ್ ಹೌಸು, ಕೋರ್ಟು, ಜೈಲು, ಹುಚ್ಚಾಸ್ಪತ್ರೆ, ಹೀಗೆ ಅಲ್ಲಿನ ಸರ್ಕಾರ ಕಟ್ಟಿಸಿದ್ದರಲ್ಲಿ ಅರ್ಧಕ್ಕರ್ಧ ಆತನದೇ ಅಂತೆ. ಅವನ ಕಟ್ಟಡಗಳ ಚಿತ್ರವಿದ್ದ ದಪ್ಪ ಪುಸ್ತಕವೊಂದು ಸಾಹೇಬರ ಮೇಜಿನ ಮೇಲೆ ಸದಾ ಇರುತ್ತಿತ್ತು. ಊಟದ ಹೊತ್ತಿಗೆ ನಮಗೆಲ್ಲ ಆ ಪುರಾಣ ಶ್ರವಣ. ತನ್ನ ಈಗಿನ ವಯಸ್ಸಿಗೆ ಆತ ದೊಡ್ಡ ಕಸ್ಟಮ್ಸ್ ಹೌಸು ಮುಗಿಸಿದ್ದ ಎನ್ನುತ್ತಿದ್ದರು. ಅದೇ ವಯಸ್ಸಿಗೆ ನಮ್ಮವರು ಮುಗಿಸಿದ್ದು ಒಂದು ಸೈಕಲ್ ಸ್ಟ್ಯಾಂಡು ಮತ್ತು ಬಂದರಿನ ಕೂಲಿಗಳ ಪಾಯಿಖಾನೆ. ಪಾಯಿಖಾನೆಗೂ ಕಲ್ಲಿನ ಕಮಾನು ಬರೆಸಿದ್ದರು, ಮೇಲಿನವರು ಹೊಡೆದು ಹಾಕಿದರು. ಕೆನಡಾ ಹಾಗಿರಲಿ, ಈ ಮನುಷ್ಯ ಊಟಿಯನ್ನಾದರೂ ಸರಿಯಾಗಿ ನೋಡಿದ್ದು ಅನುಮಾನ.

ಆ ಪುರಾಣದಲ್ಲಿ ಅವರಿಗೆ ಪ್ರಿಯವಾದ ಅಧ್ಯಾಯ ಒಂದಿತ್ತು. ಯಾವುದೋ ದೊಡ್ಡ ಕಟ್ಟಡದ ಕೆಲಸ ಅರ್ಧವಾಗಿದ್ದಾಗ ಕೆನಡಾದವನನ್ನು ಕಿತ್ತುಹಾಕಿದ್ದರಂತೆ. ಕೆಲವು ವರ್ಷದ ಮೇಲೆ ಸರ್ಕಾರವೇ ಕರೆಸಿ ದೇಶಕ್ಕೆಲ್ಲ ಮುಖ್ಯ ಆರ್ಕಿಟೆಕ್ಟ್ ಮಾಡಿತಂತೆ. ಸಾಹೇಬರನ್ನೂ ಯಾವುದೋ ಜಗಳದಲ್ಲಿ ತಿರುವನಂತಪುರದಿಂದ ಕೊಚ್ಚಿಗೆ ಎತ್ತಿ ಎಸೆದಿದ್ದರು. ಹಾಗಾಗಿ ತನಗೂ ಕರೆ ಬಂದೇ ಬರುತ್ತದೆ ಎಂದು ಅವರ ಲೆಕ್ಕ. ಬದುಕಿಗೆ ಅದೊಂದೇ ಆಸೆ. ಒಂದು, ಒಂದೇ ಒಂದು ದೊಡ್ಡ ಸಾರ್ವಜನಿಕ ಕಟ್ಟಡ ತನ್ನದು ಅಂತ ನಿಲ್ಲಬೇಕು.

ಕರೆ ಬಂತು. ತಿರುವನಂತಪುರದ ಉಳ್ಳೂರಿನ ಕಡೆ ಒಂದು ಆಸ್ಪತ್ರೆಗೆ ಹೊಸ ಕಟ್ಟಡವಾಗಬೇಕಿತ್ತು, ನಕ್ಷೆ ತನ್ನಿ ಎಂದರು. ಸಾಹೇಬರು ಪುಸ್ತಕ ತೆರೆದು ಕೂತರು, ನಾನು ಗೆರೆ ಎಳೆದೆ. ಕಡಿದಾದ ಮಾಡು, ಪುಟ್ಟ ಪುಟ್ಟ ಕಿಟಕಿ, ಮುಂಬಾಗಿಲ ಹಿಂದೆಯೇ ಇನ್ನೊಂದು ಬಾಗಿಲು.

"ಈ ಎರಡನೇ ಬಾಗಿಲು ಎಂತಕ್ಕೆ ಸಾರ್? ಗಾಳಿಯೇ ಬರುದಿಲ್ಲವಲ್ಲ," ಅಂದೆ.

"ಚಳಿಗಾಳಿ ಬರಬಾರದು ಅಂತಲೇ ಕಣಯ್ಯ ಅದು, ದಡ್ಡ," ಎಂದು ಗದರಿದರು. ಫ್ಯಾನಿನ ಕೆಳಗೆ ಅವರ ಕೋಟಿನ ಬೆನ್ನು ಒದ್ದೆಯಾಗಿತ್ತು.

ನಕ್ಷೆಯ ತಗಡಿನ ಕೊಳವೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತಿರುವನಂತಪುರಕ್ಕೆ ಹೋದರು. ಹಿಂದಿನ ಸೀಟಿನಲ್ಲಿ ನಾನು. ಸಭೆಯಲ್ಲಿ ದೊಡ್ಡವರೆಲ್ಲ ನಕ್ಷೆಯ ಸುತ್ತ ಬಗ್ಗಿ ನಿಂತರು. ಮುಖ್ಯಸ್ಥರು ಮಾಡಿನ ಮೇಲೆ ಬೆರಳಿಟ್ಟು, ಇಷ್ಟೊಂದು ಇಳಿಜಾರು ಯಾಕೆ ಎಂದು ಕೇಳಿದರು. ಮಳೆಗೆ ಅಂದಿದ್ದರೆ ಮುಗಿದಿತ್ತು. ಕೇರಳದಲ್ಲಿ ಹುಟ್ಟಿದ ಕೂಸೂ ಅದನ್ನು ಹೇಳುತ್ತಿತ್ತು. ಸಾಹೇಬರು ಎದೆಯುಬ್ಬಿಸಿ ಪುಸ್ತಕದಲ್ಲಿದ್ದದ್ದನ್ನೇ ಹೇಳಿದರು.

"ಫಾರ್ ದಿ ಸ್ನೋ, ಸರ್."

ಮುಖ್ಯಸ್ಥರು ನಕ್ಷೆ ಸುರುಳಿ ಸುತ್ತುತ್ತಾ, ಮಂಜು ಬೀಳಲಿ, ಆಮೇಲೆ ನೋಡೋಣ ಎಂದು ಮಲಯಾಳದಲ್ಲಿ ಹೇಳಿದರು. ಆಗ ಎದ್ದ ನಗು ಓಣಿಯ ತುದಿಯವರೆಗೂ ಕೇಳಿಸಿರಬೇಕು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ.

ಆಸ್ಪತ್ರೆ ಬೇರೆಯವರ ಪಾಲಾಯಿತು. ಕನಿಕರಕ್ಕೋ ಚೇಷ್ಟೆಗೋ, ರೋಗಿಗಳ ಕಡೆಯವರು ಕೂರಲು ಅಂಗಳದಲ್ಲಿ ಒಂದು ಶೆಡ್ ಕಟ್ಟಿ ಎಂದು ಸಾಹೇಬರಿಗೆ ಹೇಳಿದರು. ಮಾನವಿದ್ದವನು ಒಲ್ಲೆ ಅನ್ನುತ್ತಿದ್ದ. ಇವರು ಒಪ್ಪಿಕೊಂಡರು, ಮತ್ತೆ ಅದೇ ಕಡಿದಾದ ಮಾಡು ಬರೆಸಿದರು. ಬುದ್ಧಿ ಕಲಿಯುವ ಜಾತಿಯೇ ಅಲ್ಲ.

ಹಂಚು ಹೊದೆಸಿದ ಮೇಲೆ ಮೊದಲ ಮಳೆ ಬಂದಾಗ ನಾವಿಬ್ಬರೂ ಅದರ ಕೆಳಗೆ ನಿಂತಿದ್ದೆವು. ಆಕಾಶ ಹರಿದು ಬಿದ್ದ ಹಾಗೆ ಸುರಿಯಿತು. ಒಳಗೆ ಒಂದು ಹನಿ ಇಲ್ಲ. ಸಾಹೇಬರು ಬಹಳ ಹೊತ್ತು ಮಾಡಿನ ಅಂಚನ್ನೇ ನೋಡುತ್ತಿದ್ದು, ನನ್ನ ಕಡೆ ತಿರುಗಿ ಮೆಲ್ಲಗೆ ಕನ್ನಡದಲ್ಲಿ ಹೇಳಿದರು.

"ನೋಡಯ್ಯಾ... ಜಾರ್ತಾ ಇದೆ."

ಬೈಗುಳವಲ್ಲದ ಕನ್ನಡ ಆ ಬಾಯಿಂದ ನಾನು ಕೇಳಿದ್ದು ಅದೊಂದೇ. ಮುಂದೆ ಅವರು ಕೊಚ್ಚಿಯಲ್ಲೇ ನಿವೃತ್ತರಾದರು. ಮೈಸೂರಿಗೆ ಹೋಗಿ ತೀರಿಕೊಂಡರು ಎಂದು ಯಾರೋ ಹೇಳಿದರು, ಯಾರೆಂದು ಈಗ ನೆನಪಿಲ್ಲ...

ಬಣ್ಣ ಒಣಗಿದ ಮೇಲೆ ಮನೆಗೆ ಹೋಗಬೇಕಾದವನು ಯಾಕೋ ಉಳ್ಳೂರಿನ ಬಸ್ಸು ಹತ್ತಿದೆ. ಶೆಡ್ ಇರಲಿಲ್ಲ. ಕೆಡವಿ, ಅದೇ ಜಾಗದಲ್ಲಿ ಕಾಂಕ್ರೀಟಿನ ಚಪ್ಪಟೆ ಮಾಡು ಹಾಕಿದ್ದಾರೆ. ಅಲ್ಲಿಗೆ ಸಾಹೇಬರು ಕಟ್ಟಿದ್ದು ಅಂತ ಬೆರಳು ಮಾಡಿ ತೋರಿಸಲು ಇನ್ನೇನೂ ಉಳಿಯಲಿಲ್ಲ. ಆಗ ಮನಸ್ಸಿನಲ್ಲೇ ಮೂರ್ಖ ಅಂದಿದ್ದೆ, ಈಗಲೂ ಅನ್ನುತ್ತೇನೆ. ಆದರೂ ವಾಪಸು ಬಸ್ಸು ಹಿಡಿಯದೆ ಅಲ್ಲೇ ನಿಂತೆ. ಮಳೆ ಹಿಡಿದುಕೊಂಡಿತು. ಹೊಸ ಮಾಡು ನಾಲ್ಕಾರು ಕಡೆ ಸೋರುತ್ತಿತ್ತು, ಹೆಂಗಸರು ಚಾಪೆ ಸುತ್ತಿಕೊಂಡು ಆ ಮೂಲೆಯಿಂದ ಈ ಮೂಲೆಗೆ ಸರಿಯುತ್ತಿದ್ದರು.

"ಏನಯ್ಯಾ ಇದು ಮಾಡು?" ಅಂದುಬಿಟ್ಟೆ, ಗಟ್ಟಿಯಾಗಿಯೇ. "ಅಳಿಸು."

ಅಲ್ಲಿ ಯಾರಿಗೂ ಕನ್ನಡ ಬರುತ್ತಿರಲಿಲ್ಲ.