ಏನೂ ಕೇಳದ ಅತ್ತೆ

೨೦೨೩ರಲ್ಲಿ ನಾನು ದಿಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ತ್ರೀರೋಗ ವಿಭಾಗದ ಹಿರಿಯ ವೈದ್ಯೆಯಾಗಿದ್ದೆ. ನಿವೃತ್ತಿಗೆ ಒಂದು ವರ್ಷ ಉಳಿದಿತ್ತು. ಇಲ್ಲಿ ಹೇಳುವ ಹೆಣ್ಣುಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಶೈಲಜಾ ಎಂಬುದು ಅವಳ ನಿಜವಾದ ಹೆಸರಲ್ಲ.

ಶೈಲಜಾಗೆ ಇಪ್ಪತ್ತಾರು ವರ್ಷ. ಮಯೂರ್ ವಿಹಾರದಲ್ಲಿ ಹೋಟೆಲ್ ನಡೆಸುವ ಕರಾವಳಿಯ ಕುಟುಂಬದ ಸೊಸೆ. ಹೊರರೋಗಿಗಳ ಒಪಿಡಿಗೆ ಒಬ್ಬಳೇ ಬಂದು, ಬಾಗಿಲ ಮೇಲಿನ ನನ್ನ ಹೆಸರು ನೋಡಿ, ಕನ್ನಡದಲ್ಲಿ ಮಾತಾಡಬಹುದೇ ಎಂದು ಕೇಳಿದಳು. ಗಂಡ ಬೈಕ್ ಅಪಘಾತದಲ್ಲಿ ತೀರಿಕೊಂಡು ಆರು ವಾರವಾಗಿತ್ತು. ಅವಳ ಗರ್ಭಕ್ಕೆ ಇಪ್ಪತ್ತೊಂದು ವಾರ ತುಂಬಿತ್ತು.

"ಈ ಮಗು ಹೆರೋದು ನನ್ನಿಂದ ಆಗಲ್ಲ ಡಾಕ್ಟ್ರೇ. ಮನೇಲಿ ಎಲ್ಲರೂ ಅವರೇ ಮತ್ತೆ ಹುಟ್ಟಿ ಬರ್ತಾರೆ ಅಂತಾರೆ. ನಾನೇನು ಅಂದ್ಕೊಂಡಿದೀನಿ ಅಂತ ಯಾರೂ ಕೇಳಿಲ್ಲ."

ಇಪ್ಪತ್ತು ವಾರದವರೆಗೆ ಗರ್ಭಪಾತಕ್ಕೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕರವರೆಗೆ ಇಬ್ಬರದು ಬೇಕು, ಅದೂ ಕಾನೂನು ಹೆಸರಿಸಿದ ಸಂದರ್ಭಗಳಲ್ಲಿ ಮಾತ್ರ. ಗರ್ಭಿಣಿಯಾಗಿರುವಾಗ ಗಂಡ ಸಾಯುವುದು ಅವುಗಳಲ್ಲೊಂದು. ವಯಸ್ಕಳಾದ ಹೆಣ್ಣಿನ ಒಪ್ಪಿಗೆಯೊಂದೇ ಸಾಕು. ಅತ್ತೆ, ಮಾವ, ತವರಿನವರು, ಯಾರ ಸಹಿಯೂ ಬೇಡ. ಕಾನೂನಿನ ಅಧಿಕಾರವಿಲ್ಲದವರಿಗೆ ಅವಳ ಹೆಸರು ತಿಳಿಸಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ನಾನೂ ನನ್ನ ಸಹೋದ್ಯೋಗಿಯೂ ಅವಳೊಡನೆ ಬೇರೆಬೇರೆಯಾಗಿ ಮಾತಾಡಿ ಸಹಿ ಹಾಕಿದೆವು. ಆರ್.ಕೆ.ಪುರಂನ ಗೆಳತಿಯ ಮನೆಗೆ ಹೋಗುವುದಾಗಿ ಮನೆಯಲ್ಲಿ ಹೇಳಿ ಅವಳು ದಾಖಲಾದಳು.

ಮರುದಿನ ಬೆಳಿಗ್ಗೆ ಅವಳ ಮಾವ ಬಂದರು. ಒಪಿಡಿಯಲ್ಲಿ ಯಾರೋ ಅವಳನ್ನು ನೋಡಿದ್ದರಂತೆ.

"ನೀವೂ ನಮ್ಮ ಕಡೆಯವರೇ. ಅವಳು ಇಲ್ಲಿದ್ದಾಳಾ, ಅಷ್ಟು ಹೇಳಿ. ಅದು ನನ್ನ ಮಗನ ಮಗು."

ಒಬ್ಬನೇ ಮಗನನ್ನು ಕಳೆದುಕೊಂಡ ಮನುಷ್ಯ. ವಾರ್ಡಿನ ಸಿಸ್ಟರ್, ನನ್ನೊಡನಿದ್ದು ಕನ್ನಡ ತಿಳಿದುಕೊಂಡಿದ್ದ ಹರಿಯಾಣದ ಸಂತೋಷ್, ಮೇಜಿನ ಮೇಲಿದ್ದ ರಿಜಿಸ್ಟರನ್ನು ಬೀರುವಿಗಿಟ್ಟು ಬೀಗ ಹಾಕಿ ಹಿಂದಿಯಲ್ಲಿ ಹೇಳಿದಳು: "ಅಂಕಲ್‌ಜೀ, ನಿಮ್ಮ ಮಗಳೇ ಬಂದಿದ್ದರೂ ನಾವು ಯಾರಿಗೂ ಹೇಳುತ್ತಿರಲಿಲ್ಲ." ಅವರು ಹೊರಟುಹೋದರು.

ಮಧ್ಯಾಹ್ನ ಅತ್ತೆ ಬಂದರು, ಕೈಯಲ್ಲೊಂದು ಸ್ಟೀಲ್ ಡಬ್ಬಿ. ನಾನು ಬಾಯಿ ತೆರೆಯುವ ಮೊದಲೇ ತಡೆದರು.

"ಅವಳಿದ್ದಾಳೋ ಇಲ್ಲವೋ ನನಗೆ ಹೇಳ್ಬೇಡಿ. ಇದ್ರೆ ಈ ಗಂಜಿ ಕೊಡಿ. ಇಲ್ದಿದ್ರೆ ಬೇರೆ ಯಾರಿಗಾದ್ರೂ ಹಾಕಿ. ದುಃಖ ಬಂದಾಗ ನಮ್ಮ ಹುಡುಗಿಗೆ ಬೇರೇನೂ ಗಂಟಲಲ್ಲಿ ಇಳಿಯಲ್ಲ."

ಡಬ್ಬಿ ತೆಗೆದುಕೊಂಡರೆ ಅದೇ ಉತ್ತರ ಕೊಟ್ಟಂತಾಗುತ್ತದಲ್ಲ ಎಂದು ನಾನು ಹಿಂಜರಿದೆ. ಸಂತೋಷ್ ಕೈಚಾಚಿ ತೆಗೆದುಕೊಂಡಳು. "ವಾರ್ಡಲ್ಲಿ ಹದಿನೆಂಟು ಜನ ಇದ್ದಾರೆ ಮೇಡಂ. ಯಾರು ತಿಂದರೆಂದು ಯಾರಿಗೆ ಗೊತ್ತಾಗುತ್ತೆ?"

ಶೈಲಜಾ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಬೆಳಿಗ್ಗೆ ಎಲ್ಲ ಮುಗಿದಿತ್ತು. ಅತ್ತೆಯ ಮಾತನ್ನು ನಾನು ಇದ್ದಂತೆಯೇ ಹೇಳಿದೆ, ಬೇಡವೆಂದರೆ ವಾಪಸು ಕೊಡುತ್ತೇನೆ ಎಂದೂ ಹೇಳಿದೆ. ಅವಳು ಮುಚ್ಚಳ ತೆಗೆದು ಬಹಳ ಹೊತ್ತು ಅತ್ತಳು. ಆಮೇಲೆ ಡಬ್ಬಿ ಖಾಲಿಯಾಗುವವರೆಗೂ ತಿಂದಳು. ಮೊಮ್ಮಗುವಿನ ಆಸೆ ಆ ಹೆಂಗಸಿಗೆ ಇರಲಿಲ್ಲವೇ? ಅದನ್ನು ಎಲ್ಲಿ ಅದುಮಿಟ್ಟು ಆಕೆ ಆ ಗಂಜಿ ಬೇಯಿಸಿದರು?

ನಾಲ್ಕು ತಿಂಗಳ ನಂತರ ಶೈಲಜಾ ತಪಾಸಣೆಗೆ ಬಂದಳು. ಶಾಲೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ವಾಸ ಅದೇ ಮನೆಯಲ್ಲಿ.

"ಮಗು ತಾನಾಗೇ ಹೋಯ್ತು ಅಂತ ಮನೇಲಿ ಹೇಳಿದ್ದೆ. ಹೋದ ವಾರ ಅತ್ತೆಗೆ ನಾನೇ ನಿಜ ಹೇಳ್ದೆ ಡಾಕ್ಟ್ರೇ. 'ನಿನಗೆ ಹೇಳ್ಬೇಕು ಅನ್ನಿಸ್ದಾಗ ಹೇಳ್ತೀಯ ಅಂತಿದ್ದೆ' ಅಂದ್ರು. ಮಾವ ಇನ್ನೂ ಸರಿಯಾಗಿ ಮಾತಾಡಲ್ಲ."

ರೋಗಿಯ ಗುಟ್ಟನ್ನು ನಾನು ಸೇವೆಯುದ್ದಕ್ಕೂ ಕಾಪಾಡಿದ್ದು ಹೆಚ್ಚಾಗಿ ನಿಯಮಕ್ಕೆ ಅಂಜಿ. ಗೊತ್ತಿದ್ದೂ ಕೇಳದೆ ಇರುವುದಕ್ಕೆ ಎಷ್ಟು ಪ್ರೀತಿ ಬೇಕೆಂದು ಕಾನೂನು ಓದದ ಆ ಹೆಂಗಸಿನಿಂದ ಕಲಿತೆ, ನಿವೃತ್ತಿಯ ಹೊಸ್ತಿಲಲ್ಲಿ.