ದಪ್ಪ ಸಿಪ್ಪೆಯ ಹಣ್ಣು

...ಮೂರು ತೊಳೆ ಇರಬೇಕು. ಅಥವಾ ಐದು. ಡಾಕ್ಟರರ ಮುಂದೆ ಮೂರು ಎಂದೆ, ಹಾಗಾಗಿ ಈಗ ನೆನಪಿನಲ್ಲೂ ಮೂರೇ ಉಳಿದಿದೆ. ಮಗಳು ಕಿಟಕಿಯ ಪಕ್ಕ ಕುಳಿತಿದ್ದಳು. ಕಾಂದಿವಲಿಯ ನಮ್ಮ ಮನೆಯಲ್ಲಿ ಎಲ್ಲಿ ಕುಳಿತರೂ ಅದು ಕಿಟಕಿಯ ಪಕ್ಕವೇ, ಆದ್ದರಿಂದ ಇದೊಂದನ್ನು ನಂಬಬಹುದು.

ಅನುಮಾನವಿಲ್ಲದ್ದು ಇಷ್ಟು. ಮಗಳಿಗೆ ಒಂಬತ್ತು ವರ್ಷ. ಅವಳ ಹೊಟ್ಟೆಯ ಬಲಗಡೆ ನನ್ನ ಹೆಂಡತಿಯ ಕಿಡ್ನಿ ಇದೆ. ಕೊಡುತ್ತೇನೆಂದು ಮೊದಲು ಮುಂದೆ ಬಂದವನು ನಾನು. ರಕ್ತದಲ್ಲಿ ಸಕ್ಕರೆ ಇದೆಯೆಂದು ನನ್ನನ್ನು ಬಿಟ್ಟರು. ಹೆಂಡತಿಯದು ಹೊಂದುತ್ತದೆ ಎಂದು ತಿಳಿದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅತ್ತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರು ಎಲ್ಲರೂ. ನಾನೂ.

ಆಪರೇಷನ್ನಿನ ನಂತರ ಮನೆಯಲ್ಲಿ ಹೆಂಗಸರು ಮೂವರಾದರು. ಬೆಳಿಗ್ಗೆ ಎದ್ದ ಕೂಡಲೇ ಹೆಂಡತಿ ಮಗಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಕಿಡ್ನಿಯ ಯೋಗಕ್ಷೇಮ ವಿಚಾರಿಸುತ್ತಿದ್ದಳು.

"ಆಕಿ ಹೆಂಗದಾಳ?"

"ಏಕ್‌ದಮ್ ಮಸ್ತ್ ಅದಾಳ."

"ನೀರ್ ಕೇಳಾಕತ್ತಾಳೇನು?"

ಇಬ್ಬರೂ ಬಾಟಲಿ ಎತ್ತಿ, ಟಕ್ಕೆಂದು ತಾಗಿಸಿ ಕುಡಿಯುತ್ತಿದ್ದರು. ಹೆಚ್ಚು ನೀರು ಕುಡಿಯಬೇಕೆಂಬ ಸೂಚನೆ ಇಬ್ಬರಿಗೂ ಇತ್ತು. ಒಮ್ಮೆ ನಾನೂ ಲೋಟ ಎತ್ತಿದೆ. "ಪಪ್ಪಾ, ಯೆ ಸಿರ್ಫ್ ಹಮಾರಾ ಹೈ" ಎಂದಳು ಮಗಳು, ಇದು ನಮ್ಮಿಬ್ಬರದಷ್ಟೇ ಎಂದು. ನಕ್ಕೆ. ನಕ್ಕಿದ್ದೆನೇ? ಲೋಟ ಕೆಳಗಿಟ್ಟಿದ್ದಂತೂ ನಿಜ.

ವಿಜಯಪುರದಿಂದ ಬಂದ ನೆಂಟರು ಹೆಂಡತಿಗೆ ಉಡಿ ತುಂಬಿದರು. "ಒಂದ ಮಗಳನ್ನ ಎರಡ ಸಲ ಹಡದಾಕಿ ನೀ" ಎಂದರು. ನನ್ನ ಕಡೆ ತಿರುಗಿ, "ನೀವು ಸಕ್ಕರಿ ನೋಡ್ಕೋರಿ" ಎಂದರು.

ಗಣಪತಿ ಹಬ್ಬ ಬಂತು. ಮಗಳು ಗದ್ದಲಕ್ಕೆ ಹೋಗುವಂತಿರಲಿಲ್ಲ. ರೋಗ ತಡೆಯುವ ಶಕ್ತಿಯನ್ನು ಅವಳ ಔಷಧಿಯೇ ತಗ್ಗಿಸುತ್ತದೆ. ಇಲ್ಲದಿದ್ದರೆ ಅವಳ ಮೈ ಆ ಕಿಡ್ನಿಯನ್ನು ಹೊರಗಿನದೆಂದು ಗುರುತು ಹಿಡಿಯುತ್ತದಂತೆ. ಇದನ್ನು ಮೊದಲು ಕೇಳಿದಾಗ ನನಗೆ ಏನನ್ನಿಸಿತೆಂದು ಬರೆಯುವುದಿಲ್ಲ.

ಹೆಂಡತಿ ಪಕ್ಕದ ಮನೆಯ ಆರತಿಗೆ ಹೋಗಿದ್ದಳು. ಆ ಮನೆಯ ಮುದುಕಿ ಬಾಗಿಲಿಗೆ ಬಂದು, "ಬಪ್ಪಾಚಾ ಪ್ರಸಾದ್, ಪೋರೀಲಾ ದ್ಯಾ", ಗಣಪತಿಯ ಪ್ರಸಾದ, ಹುಡುಗಿಗೆ ಕೊಡಿ ಎಂದು ದೇವರ ಮುಂದಿಟ್ಟಿದ್ದ ಇಡೀ ಚಕ್ಕೋತದ ಹಣ್ಣನ್ನು ನನ್ನ ಕೈಗಿಟ್ಟಳು. ಮಗಳಿಗೆ ಹೊರಗಿನ ಪೇಡೆ ಇಲ್ಲ, ಮೋದಕ ಇಲ್ಲ, ಕತ್ತರಿಸಿಟ್ಟ ಹಣ್ಣಿಲ್ಲ. ಸಿಪ್ಪೆ ದಪ್ಪಗಿರುವ ಹಣ್ಣು ಕೊಡಬಹುದು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು, ಒಳಗೆ ಕ್ರಿಮಿ ಹೋಗಿರುವುದಿಲ್ಲವೆಂದು. ಚಕ್ಕೋತಕ್ಕಿಂತ ದಪ್ಪ ಸಿಪ್ಪೆ ಯಾವ ಹಣ್ಣಿಗಿದೆ? ನನ್ನ ತರ್ಕ ಇದು. ಬಿಸಿನೀರಿನಲ್ಲಿ ತೊಳೆದೆ. ಎರಡೆರಡು ಸಲ ಕೈ ತೊಳೆದುಕೊಂಡೆ. ಒಂದೊಂದೇ ತೊಳೆಯ ಬಿಳಿ ಪೊರೆ ಬಿಡಿಸಿ ಅವಳ ಬಾಯಿಗಿಟ್ಟೆ. ಕಣ್ಣು ಮುಚ್ಚಿ ತಿಂದಳು.

"ಮಮ್ಮಿಗೆ ಹೇಳಬ್ಯಾಡ" ಎಂದೆ. "ಯೆ ಸಿರ್ಫ್ ಹಮಾರಾ."

ಉಳಿದ ಹಣ್ಣನ್ನು ನನ್ನ ಬ್ಯಾಗಿನಲ್ಲಿ ಅಡಗಿಸಿದೆ. ಮರುದಿನವೂ ತಿಂದಳು, ಅದರ ಮರುದಿನವೂ. ಆ ವರ್ಷದಲ್ಲಿ ನಾನು ಅಷ್ಟು ಸುಖವಾಗಿದ್ದ ದಿನಗಳು ಬೇರೆ ಇಲ್ಲ.

ಆಮೇಲೆ ಚಿತ್ರ ಬಿಡಿಸುವಾಗ ಅವಳ ಪೆನ್ಸಿಲ್ ನಡುಗತೊಡಗಿತು. "ಪಪ್ಪಾ, ಲೈನ್ ಅಪನೇ ಆಪ್ ಹಿಲ್ತಾ ಹೈ" ಎಂದು ನಗುತ್ತಾ ತೋರಿಸಿದಳು. ರಕ್ತ ಪರೀಕ್ಷೆಯಲ್ಲಿ ಔಷಧಿಯ ಪ್ರಮಾಣ ವಿಪರೀತ ಏರಿತ್ತು. ಮಿತಿಯಲ್ಲಿದ್ದರೆ ಕಿಡ್ನಿ ಕಾಯುವ ಔಷಧಿ, ಮೀರಿದರೆ ಕಿಡ್ನಿಯನ್ನೇ ಕೆಡಿಸುತ್ತದೆ. ಅಡ್ಮಿಟ್ ಮಾಡಿಕೊಂಡರು.

ಹೊಸದೇನಾದರೂ ತಿಂದಳೇ ಎಂದು ಡಾಕ್ಟರರು ಕೇಳಿದರು.

"ನಹೀ ಸರ್. ಮೇರೆ ಹಾಥ್ ಕಾ ಹೀ ಖಾತೀ ಹೈ" ಎಂದಳು ಹೆಂಡತಿ. ನನ್ನ ಕೈಯದನ್ನಷ್ಟೇ ತಿನ್ನುತ್ತಾಳೆ. ಅಂಥ ಹೊತ್ತಿನಲ್ಲೂ ಆ ದನಿಯಲ್ಲಿ ಹೆಮ್ಮೆ ಕೇಳಿಸಿತು ನನಗೆ.

"ಮೇರೆ ಹಾಥ್ ಕಾ ಭೀ ಖಾಯಾ ಹೈ" ಎಂದೆ. ನನ್ನ ಕೈಯದನ್ನೂ ತಿಂದಿದ್ದಾಳೆ.

ಒಪ್ಪಿಕೊಂಡೆ ಎನ್ನಲೇ? ನನ್ನದೂ ಒಂದು ಪಾಲಿದೆ ಎಂಬ ದನಿಯಲ್ಲೇ ಹೇಳಿದ್ದೆ. ಚಕ್ಕೋತ ಎಂದ ಕೂಡಲೇ ಡಾಕ್ಟರರು ಪೆನ್ನು ಕೆಳಗಿಟ್ಟರು. ಆ ಹಣ್ಣು ಔಷಧಿಯನ್ನು ಮೈಯಿಂದ ಇಳಿಯಗೊಡುವುದಿಲ್ಲ. ಸಿಪ್ಪೆಗೂ ಅದಕ್ಕೂ ಸಂಬಂಧವಿಲ್ಲ.

ಹೆಂಡತಿ ಕೂಗಾಡಲಿಲ್ಲ. ಕಾರಿಡಾರಿನಲ್ಲಿ ಒಂದೇ ಮಾತು ಕೇಳಿದಳು. "ದಿನಾ ಎಷ್ಟ ಸಲ ಫ್ರಿಜ್ ಬಾಗಲಾ ತೆಗೀತೀರಿ ನೀವು?"

ಅರ್ಥವಾಗಲಿಲ್ಲ. ಬಟ್ಟೆ ತರಲು ಮನೆಗೆ ಹೋದಾಗ ಆಯಿತು. ಆಸ್ಪತ್ರೆಯವರು ಇಂಗ್ಲಿಷಿನಲ್ಲಿ ಕೊಟ್ಟಿದ್ದ ಪಟ್ಟಿಯನ್ನು ಆಕೆ ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು, ತಿಂಗಳುಗಳ ಹಿಂದೆಯೇ. ನಾಲ್ಕನೆಯ ಸಾಲು, ಕೆಳಗೆ ಗೆರೆ: ಚಕ್ಕೋತ ಬ್ಯಾಡ.

ಮಗಳು ಮನೆಗೆ ಬಂದಳು. ರಿಪೋರ್ಟಿನಲ್ಲಿ ಏರಿದ್ದ ಕಿಡ್ನಿಯ ಅಂಕಿ ಇಳಿಯಿತು, ಆದರೆ ಹಳೆಯ ಜಾಗಕ್ಕೆ ಬರಲಿಲ್ಲ. ಕಿಡ್ನಿಗೆ ಎಷ್ಟು ಪೆಟ್ಟಾಗಿದೆ, ಅದರಲ್ಲಿ ಹಣ್ಣಿನ ಪಾಲೆಷ್ಟು, ಹೇಳಲಾಗದು ಎಂದರು ಡಾಕ್ಟರರು. ಈಗ ಬೆಳಿಗ್ಗೆ "ಆಕಿ ಹೆಂಗದಾಳ?" ಎಂದರೆ ಮಗಳು ಮೊದಲು ನನ್ನ ಮುಖ ನೋಡುತ್ತಾಳೆ. ಕಡೆಗೂ ನನ್ನತ್ತ ನೋಡುತ್ತಿದ್ದಾಳೆ.

ಆ ಸಾಲನ್ನು ಹಣ್ಣು ಬಿಡಿಸುವ ಮೊದಲು ನಾನು ಓದಿದ್ದೆನೇ? ಓದಿರಲಿಲ್ಲ ಎಂದು ಹೆಂಡತಿಗೆ ಹೇಳಿದ್ದೇನೆ. ನನಗೆ ಗೊತ್ತಿಲ್ಲ.